ಕೋಚ್ ಕೊಟ್ಟ ಮಾತು

ಎಪ್ಪತ್ತು ದಾಟಿದ ಅಜ್ಜಿಯೊಬ್ಬರು, ಎರಡೂ ಕೆನ್ನೆಗೆ ಕಾಲೇಜಿನ ಬಣ್ಣ ಬಳಿದುಕೊಂಡವರು, ಕಾರ್ ಪಾರ್ಕಿಂಗಿನ ನಡುವೆ ನನ್ನ ಎರಡೂ ಕೈ ಹಿಡಿದು, "ವೆಲ್ಕಮ್ ಹೋಮ್, ಹನಿ" ಎಂದರು. ಅವರ ಮುಖ ನೋಡಿದ್ದು ಅದೇ ಮೊದಲು. ಆ ಊರಿಗೆ ಬಂದಿಳಿದು ಮೂರು ತಾಸೂ ಆಗಿರಲಿಲ್ಲ. ಕಣ್ಣು ಹಾಯುವಷ್ಟು ದೂರ ಜನ ಒಂದೇ ಬಣ್ಣದ ಅಂಗಿ ತೊಟ್ಟು, ಕಾರುಗಳ ಡಿಕ್ಕಿ ತೆರೆದು, ಅಲ್ಲೇ ಒಲೆ ಹಚ್ಚಿ ಅಡುಗೆ ಮಾಡುತ್ತಿದ್ದರು. ಇದಕ್ಕೆ ಟೇಲ್‌ಗೇಟ್ ಎನ್ನುತ್ತಾರೆ. ಕಾಲೇಜು ಹುಡುಗರ ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಊರಿಗೆ ಊರೇ ಕೂಡಿ ಉಣ್ಣುವ ಪದ್ಧತಿ. ಅಜ್ಜಿ ನನ್ನ ತಟ್ಟೆಗೆ ಬೀನ್ಸ್ ಬಡಿಸಿದರು. ಇದರಲ್ಲಿ ಮಾಂಸ ಇದೆಯೇ ಎಂದು ಕೇಳಿದೆ. ರುಚಿಗೆ ಒಂಚೂರು ಹಂದಿ ಅಷ್ಟೇ, ಗೊತ್ತೂ ಆಗುವುದಿಲ್ಲ ಎಂದು ಸಮಾಧಾನ ಹೇಳಿದರು.

ಅಮೆರಿಕದ ದಕ್ಷಿಣದ ಆ ಊರಿನ ಹೆಸರು ಬರೆಯಬಾರದೆಂದು ಮಗಳ ಆಜ್ಞೆ. ಹೋದದ್ದು ಅವಳ ಸಲುವಾಗಿಯೇ. ಅನಘಾಗೆ ಆಗ ಹದಿನಾರು. ಅಲ್ಲಿನ ಕಾಲೇಜಿನ ವಾಲಿಬಾಲ್ ಕೋಚ್ ಅವಳ ಆಟ ನೋಡಿ ಮೆಚ್ಚಿ, ಕಾಲೇಜು ನೋಡಲು ನಮ್ಮನ್ನು ಕರೆಸಿದ್ದರು.

ನಾನು ಧಾರವಾಡದವಳು. ಓದುವಾಗ ನಾನೂ ವಾಲಿಬಾಲ್ ಆಡುತ್ತಿದ್ದೆ, ಯೂನಿವರ್ಸಿಟಿ ತಂಡದವರೆಗೂ ಹೋಗಿದ್ದೆ. ನಮ್ಮಲ್ಲಿ ಹೆಣ್ಣುಮಗಳ ಆಟವೆಂದರೆ ಮದುವೆ ಗೊತ್ತಾಗುವವರೆಗಿನ ಕಾಲಹರಣ. ನಮ್ಮಪ್ಪ ನನ್ನ ಒಂದು ಪಂದ್ಯಕ್ಕೂ ಬರಲಿಲ್ಲ. ನನ್ನ ಬೂಟನ್ನು ಅಮ್ಮ ಯಾರಿಗೋ ಕೊಟ್ಟುಬಿಟ್ಟಳು, ನಾನೂ ಕೇಳಲಿಲ್ಲ.

ಮದುವೆಯಾಗಿ ಗಿರೀಶರ ಹಿಂದೆ ನ್ಯೂಜೆರ್ಸಿಗೆ ಬಂದೆ. ಮೊದಲ ಮನೆ ಸೀಕಾಕಸ್‌ನಲ್ಲಿ, ಗೋದಾಮುಗಳ ನಡುವಿನ ಒಂದು ಅಪಾರ್ಟ್‌ಮೆಂಟು. ಗಿರೀಶ ಬೆಳಿಗ್ಗೆ ಮ್ಯಾನ್‌ಹಟನ್ ರೈಲು ಹತ್ತಿದರೆ ನನಗೆ ಸಂಜೆಯವರೆಗೆ ಗೋಡೆಯೇ ಗತಿ. ಮೊದಲ ಚಳಿಗಾಲ ಫೋನ್ ಕಂಪನಿಯಿಂದ ಕರೆ ಮಾಡುವ ಹುಡುಗಿಯ ಜೊತೆಗೂ ಬೇಕೆಂತಲೇ ಮಾತು ಬೆಳೆಸುತ್ತಿದ್ದೆ. ಆಮೇಲೆ ಓದಿ ಫಾರ್ಮಸಿಸ್ಟ್ ಆದೆ. ಕೌಂಟರಿನಲ್ಲಿ ನನ್ನ ಇಂಗ್ಲಿಷು ಜನಕ್ಕೆ ತಿಳಿಯುತ್ತಿರಲಿಲ್ಲ, ಅವರದು ನನಗೆ. ಒಬ್ಬ ಮುದುಕ ಮಾತ್ರ ಒಂದು ದಿನ, ಮಾತ್ರೆಯ ವಿಷಯ ಆ ಇಂಡಿಯನ್ ಹೆಂಗಸೇ ಹೇಳಲಿ ಎಂದು ಹಟ ಹಿಡಿದ. ಆ ದಿನ ಹಬ್ಬದ ಅಡುಗೆ ಮಾಡಿದೆ. ಮುಂದೆ ಕೆಂಡಲ್ ಪಾರ್ಕಿನಲ್ಲಿ ಸ್ವಂತ ಮನೆಯಾಯಿತು. ಅಲ್ಲಿ ರೊಟ್ಟಿ ಸುಡಲು ಹೋದಾಗಲೆಲ್ಲ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ಗಿರೀಶ ಟವೆಲ್ ಬೀಸುತ್ತಾ ನಿಲ್ಲಬೇಕು, ನಾನು ರೊಟ್ಟಿ ತಿರುವಬೇಕು. ಇಷ್ಟಾದರೂ ಇದು ನನ್ನ ಊರು ಎಂದು ಬಾಯಿ ತುಂಬ ಹೇಳಲು ಆಗಿರಲಿಲ್ಲ. ಇಲ್ಲಿ ಹಾಗೆ ಹೇಳುವವರು ಯಾರೂ ಸಿಗುವುದಿಲ್ಲ. ನ್ಯೂಯಾರ್ಕಿನ ಹೆಸರಿಟ್ಟುಕೊಂಡ ದೊಡ್ಡ ಫುಟ್‌ಬಾಲ್ ತಂಡಗಳು ಆಡುವುದು ಜೆರ್ಸಿಯ ಜೌಗಿನಲ್ಲಿ. ಹೆಸರು ಅವರದು, ಟ್ರಾಫಿಕ್ ನಮ್ಮದು.

ಕೂಡಲು ನನಗೊಂದು ಜಾಗ ಸಿಕ್ಕಿದ್ದು ಅನಘಾ ಆಡತೊಡಗಿದ ಮೇಲೆ. ಅವಳು ಲಿಬೆರೋ, ಅಂದರೆ ಹಿಂದೆ ನಿಂತು ಎದುರಾಳಿಯ ಹೊಡೆತವನ್ನು ನೆಲಕ್ಕೆ ಬೀಳದಂತೆ ಎತ್ತುವವಳು. ಕುಳ್ಳಗಿರುವ ನಮ್ಮ ಮಕ್ಕಳಿಗೆ ಆ ಆಟದಲ್ಲಿ ಅದೊಂದೇ ಬಾಗಿಲು. ವಾರಾಂತ್ಯವೆಲ್ಲ ಪಂದ್ಯಕ್ಕೆಂದು ಡ್ರೈವ್ ಮಾಡುವುದು, ಬ್ಲೀಚರ್ ಎನ್ನುವ ಕಬ್ಬಿಣದ ಮೆಟ್ಟಿಲುಗಳ ಮೇಲೆ ಉಳಿದ ತಾಯಂದಿರ ಜೊತೆ ಕೂತು ಕೂಗುವುದು. ನನ್ನ ಪಕ್ಕದಲ್ಲಿ ಯಾವಾಗಲೂ ಡೆಬ್ರಾ, ಅದೇ ತಂಡದ ಕೆಲ್ಸಿಯ ತಾಯಿ. ನನ್ನ ಚಿತ್ರಾನ್ನದ ಡಬ್ಬಿಗೆ ಕೇಳದೆ ಕೈ ಹಾಕುವಷ್ಟು ಸಲಿಗೆ. ಅಪ್ಪ ಬರದಿದ್ದ ಪಂದ್ಯಗಳಿಗೆಲ್ಲ ಈಗ ನಾನು ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು.

ಇಂಥದರ ನಡುವೆ ಆ ದಕ್ಷಿಣದ ಊರು. ಎತ್ತ ನೋಡಿದರೂ ಕ್ರೇನುಗಳು, ಹೊಸ ಕಟ್ಟಡಗಳು, ಹೊಸ ಸ್ಟೇಡಿಯಂ. ನಾಲ್ಕು ಕಡೆಯಿಂದ ಜನ ಬಂದು ತುಂಬುತ್ತಿದ್ದಾರೆ. ಬಂದವರೆಲ್ಲ ಮೊದಲು ಕೊಳ್ಳುವುದು ತಂಡದ ಅಂಗಿ. ಅದನ್ನು ತೊಟ್ಟರೆ ಆಯಿತು, ನೀನು ಎಲ್ಲಿಂದ ಬಂದೆ ಎಂದು ಯಾರೂ ಕೇಳುವುದಿಲ್ಲ. ಹೆಣ್ಣುಮಕ್ಕಳ ವೃತ್ತಿಪರ ವಾಲಿಬಾಲ್ ತಂಡವೂ ಅಲ್ಲಿಗೆ ಬರಲಿದೆಯಂತೆ. ನಾಲ್ಕು ವರ್ಷ ಕಾಲೇಜಿಗೆ ಆಡುವುದು, ಆಮೇಲೆ ಅದೇ ಊರಿನಲ್ಲಿ ಆ ತಂಡಕ್ಕೆ ಆಡುವುದು, ಇದು ಅನಘಾಳ ಲೆಕ್ಕ. ಕೋಚ್ ನಮ್ಮನ್ನು ಅಂಗಳದ ನಡುವೆ ನಿಲ್ಲಿಸಿ, ಇಲ್ಲಿ ನಿಮ್ಮ ಮಗಳು ನಿಲ್ಲುತ್ತಾಳೆ ಎಂದು ನೆಲ ತೋರಿಸಿದರು. ನನ್ನ ಕಣ್ಣು ತುಂಬಿಬಂತು. ಅವರು ನನ್ನನ್ನು ತಬ್ಬಿಕೊಂಡರು.

ವಾರದೊಳಗೆ ಕೋಚ್ ಫೋನಿನಲ್ಲಿ, ತಂಡದಲ್ಲಿ ಜಾಗ ಕೊಡುತ್ತೇನೆಂದು ಮಾತು ಕೊಟ್ಟರು, ಅನಘಾ ಒಪ್ಪಿದಳು. ಇದಕ್ಕೆ ಕಮಿಟ್ ಆಗುವುದು ಎನ್ನುತ್ತಾರೆ. ಕಾಗದಕ್ಕೆ ಸಹಿ ಬೀಳುವುದು ಮರುವರ್ಷದ ನವೆಂಬರಿನಲ್ಲಿ. ಅಲ್ಲಿಯವರೆಗೆ ಇರುವುದು ಬಾಯಿಮಾತು ಮಾತ್ರ. ಅವಳಿಗಾಗಿ ಕಾಯುತ್ತಿದ್ದ ಇನ್ನೂ ನಾಲ್ಕು ಕಾಲೇಜಿನ ಕೋಚುಗಳಿದ್ದರು. ಮರುದಿನವೇ ನಾನು ಅವಳನ್ನು ಕರೆದು ಕೂರಿಸಿದೆ.

"ಆ ನಾಕೂ ಮಂದಿಗೆ ಇಮೇಲ್ ಬರದುಬಿಡು, ನಂದು ಬ್ಯಾರೆ ಕಡೆ ಆಗೇತಿ ಅಂತ."

"ಬಟ್ ಅಮ್ಮ, ಐ ಹ್ಯಾವಂಟ್ ಸೈನ್ಡ್ ಎನಿಥಿಂಗ್."

"ನಿಶ್ಚಯ ಆದ ಮ್ಯಾಲೆ ಬ್ಯಾರೆ ಹುಡುಗನ್ನ ಯಾರರೆ ನೋಡ್ತಾರೇನವಾ? ಅವರು ಮಾತು ಕೊಟ್ಟಾರ, ನಾವೂ ಕೊಟ್ಟೇವಿ. ಮುಗೀತು."

ಗಿರೀಶ ಪೇಪರಿನಿಂದ ತಲೆ ಎತ್ತದೆ, "ಅವ್ವ ಹೇಳೂದು ಖರೇ ಐತಿ" ಎಂದರು. ಅನಘಾ ನಾಲ್ಕೂ ಪತ್ರ ಬರೆದಳು. ನಾನೇ ಹಿಂದೆ ನಿಂತು ಓದಿ, ಇನ್ನಷ್ಟು ವಿನಯದ ಮಾತು ಸೇರಿಸಿದೆ. ಕಳಿಸುವ ಬಟನ್ ಒತ್ತುವ ಮೊದಲು ಅವಳು ಒಮ್ಮೆ ನನ್ನ ಮುಖ ನೋಡಿದಳು.

ಕೆಲ್ಸಿಯೂ ಆಗ ಬೇರೊಂದು ಕಾಲೇಜಿಗೆ ಮಾತು ಕೊಟ್ಟಿದ್ದಳು. ಆದರೆ ಡೆಬ್ರಾ ಉಳಿದ ಕೋಚುಗಳಿಗೆ ತಿಂಗಳಿಗೊಮ್ಮೆ ಮಗಳ ಆಟದ ವಿಡಿಯೋ ಕಳಿಸುವುದನ್ನು ನಿಲ್ಲಿಸಿರಲಿಲ್ಲ. ಬ್ಲೀಚರಿನಲ್ಲಿ ಕೂತು ಯಾವ ನಾಚಿಕೆಯೂ ಇಲ್ಲದೆ ಅದನ್ನು ಹೇಳಿದಳು. ನಾನು ನಕ್ಕೆ. ಮನೆಗೆ ಬಂದು, ಇವರಿಗೆ ಮಾತಿನ ಬೆಲೆಯೇ ಗೊತ್ತಿಲ್ಲ ಎಂದು ಗಿರೀಶರ ಮುಂದೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ನಮ್ಮ ಮರ್ಯಾದೆಯ ಬಗ್ಗೆ ನನಗೆ ಅಷ್ಟು ಜಂಬವಿತ್ತು.

ವಸಂತದಲ್ಲಿ ಆ ಕೋಚ್ ಇನ್ನೂ ದೊಡ್ಡ ಕಾಲೇಜಿಗೆ ಕೆಲಸ ಬದಲಿಸಿದರು. ನಮಗೆ ಗೊತ್ತಾದದ್ದು ಅನಘಾಳ ಫೋನಿನಲ್ಲಿ ಬಂದ ಸುದ್ದಿಯಿಂದ. ಕೋಚ್ ಎರಡು ಸಾಲಿನ ಸಂದೇಶ ಕಳಿಸಿದರು, ಕೊನೆಗೆ ಒಂದು ಹೃದಯದ ಚಿತ್ರ. ಅವರ ಜಾಗಕ್ಕೆ ಬಂದ ಹೊಸ ಕೋಚ್ ಎಲ್ಲವೂ ಹಿಂದಿನಂತೆಯೇ ಎಂದ. ನಾವು ನಂಬಿದೆವು. ಇಡೀ ಬೇಸಿಗೆ ಅನಘಾ ಬೆಳಗಿನ ಆರಕ್ಕೇ ಎದ್ದು ಗ್ಯಾರೇಜಿನ ಗೋಡೆಗೆ ಚೆಂಡು ಹೊಡೆದಳು.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಆ ಹೊಸ ಕೋಚಿನ ಫೋನ್ ಬಂತು. ಅನಘಾ ಸ್ಪೀಕರಿಗೆ ಹಾಕಿ ಅಡುಗೆಮನೆಯಲ್ಲೇ ನಿಂತಳು. ಬೇರೊಂದು ಕಾಲೇಜಿನಲ್ಲಿ ಆಗಲೇ ಎರಡು ವರ್ಷ ಆಡಿದ ಲಿಬೆರೋ ಒಬ್ಬಳು ಅವನಿಗೆ ಸಿಕ್ಕಿದ್ದಳು. ಹಾಗೆ ಕಾಲೇಜು ಬದಲಿಸುವ ಆಟಗಾರರ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಎನ್ನುತ್ತಾರೆ. ಆಡಿ ಪಳಗಿದವಳು ಸಿಗುವಾಗ ಹೈಸ್ಕೂಲಿನ ಹುಡುಗಿ ಯಾಕೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ತಂಡ ಬೇರೆ ದಿಕ್ಕಿನಲ್ಲಿ ಹೋಗುತ್ತಿದೆ ಎಂದ, ಗುಡ್ ಲಕ್ ಎಂದ. ಅನಘಾ ಥ್ಯಾಂಕ್ ಯೂ ಎಂದಳು. ನಾನು ಕಲಿಸಿದ ವಿನಯ.

ಆ ನಾಲ್ಕೂ ಕೋಚುಗಳಿಗೆ ಮತ್ತೆ ಬರೆಸಿದೆ. ಮೂವರು ಜಾಗ ತುಂಬಿದೆ ಎಂದರು. ಒಬ್ಬರು ಉತ್ತರಿಸಲೇ ಇಲ್ಲ. ಗುರುತಿಲ್ಲದ ಇಪ್ಪತ್ತು ಕಾಲೇಜಿಗೆ ಬರೆದರೂ ಅದೇ ಕಥೆ. ಒಂದು ತಂಡಕ್ಕೆ ಬೇಕಾಗುವ ಲಿಬೆರೋ ಒಬ್ಬಳೋ ಇಬ್ಬರೋ. ನಮ್ಮ ಮನೆಯ ಹತ್ತಿರದ ಯಾವುದೋ ಕಾಲೇಜಿಗೆ ಅವಳು ಓದಲು ಹೋಗುತ್ತಾಳೆ. ಆಡುವುದು ಮುಗಿಯಿತು. ನನ್ನದು ಮದುವೆಗೆ ಮುಗಿದಿತ್ತು, ಅವಳದು ಹದಿನೇಳಕ್ಕೇ.

ಧಾರವಾಡಕ್ಕೆ ಫೋನ್ ಮಾಡಿ ಅಕ್ಕನ ಮುಂದೆ ಅತ್ತೆ. "ಅಯ್ಯ, ಆಟದ್ದಲ್ಲೇನ? ನಾನೆಲ್ಲೋ ಸಾಲಿ ಸೀಟ ಹೋತು ಅಂತ ಗಾಬರಿ ಆಗಿದ್ನೆ. ಚಂದಾಗಿ ಓದ್ಸು, ಮರೀತಾಳ" ಎಂದಳು. ಅವಳದು ತಪ್ಪಲ್ಲ. ಅಲ್ಲಿ ಈ ದುಃಖಕ್ಕೆ ಹೆಸರೇ ಇಲ್ಲ. ಡೆಬ್ರಾಗೆ ಹೇಳಿದೆ, ಅವಳಿಗೆ ದುಃಖ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಒಂದೇ: "ವೇಟ್, ಉಳಿದವರಿಗೆಲ್ಲ ನೀವು ನೋ ಅಂದಿರಾ? ಯಾಕೆ?" ಹತ್ತು ವರ್ಷ ಒಂದೇ ಡಬ್ಬಿಯಿಂದ ತಿಂದವಳು ನನ್ನನ್ನು ಹೊಸಬಳಂತೆ ನೋಡಿದಳು. ಯಾಕೆ ಎಂದು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ. ಇಲ್ಲಿಯವಳಂತೆ ಮಗಳನ್ನು ಆಡಲು ಬಿಟ್ಟಿದ್ದೆ, ಇಲ್ಲಿಯವಳಂತೆ ಆಟದ ರೀತಿ ಕಲಿತಿರಲಿಲ್ಲ.

ಕಳೆದ ವಾರ ಶಾಲೆಯಿಂದ ಅವಳನ್ನು ಕರೆದುಕೊಂಡು ಬರುತ್ತಿದ್ದೆ. ರೂಟ್ ಒನ್‌ನಲ್ಲಿ ಕಾರುಗಳು ನಿಂತಲ್ಲೇ ನಿಂತಿದ್ದವು. ನನ್ನ ತಪ್ಪು, ಅನಘಾ, ಎಂದೆ. ಅವಳು ಸಿಟ್ಟಿಲ್ಲದೆ, ನನಗೆ ಸರಿಯಾಗಿ ತಿಳಿಯಲೆಂದೋ ಏನೋ, ತನ್ನ ಮುರುಕು ಕನ್ನಡದಲ್ಲೇ ಕೇಳಿದಳು:

"ಅಮ್ಮ, ನೀನು ಇಲ್ಲಿ ಹುಟ್ಟಿದ್ರೆ, ಅವ್ರಿಗೆಲ್ಲ ನೋ ಅನ್ಬಾರ್ದು ಅಂತ ನಿಂಗೆ ಗೊತ್ತಿರ್ತಿತ್ತಾ?"

"ಗೊತ್ತಿರ್ತಿತ್ತವಾ" ಎಂದೆ.

ಅವಳು ತಲೆಯಾಡಿಸಿದಳು. ಮುಂದಿನ ಕಾರು ಒಂದು ಮಾರು ಜರುಗಿತು, ನಾವೂ ಜರುಗಿದೆವು.