ನಲವತ್ತೊಂದನೇ ಪೆಟ್ಟಿಗೆಯ ಆರು ಮರಿಗಳು

ನಮ್ಮ ಅತ್ತಿಗೆಗೆ ಇಲಿ ಕಂಡರೆ ಆಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಂದು ಬಾಲ ಕಂಡರೂ ಸಾಕು, ಪೊರಕೆ ಹಿಡಿದು ಬೀರುವಿನ ಪಕ್ಕ ಅರ್ಧ ದಿನ ಕಾಯುತ್ತಿದ್ದಳು. ಅಂಥವಳನ್ನು ಇಲಿ ಸಾಕುವ ಕೆಲಸಕ್ಕೆ ಸೇರಿಸಿದವನು ನಾನು. ಅವಳು ಹನ್ನೆರಡು ವರ್ಷ ಆಯಾ ಆಗಿದ್ದ ಹೆರಿಗೆ ಆಸ್ಪತ್ರೆ ಮುಚ್ಚಿಹೋಗಿತ್ತು. ಕೆಲಸವಿಲ್ಲದೆ ಮಾತೇ ಬಿಟ್ಟು ಕೂತಿದ್ದಳು. ನಮ್ಮಣ್ಣ ಬೀಗ ರಿಪೇರಿ ಮಾಡುವವನು. "ಊರಿನ ಬೀಗ ಎಲ್ಲಾ ತೆಗೀತೀನಿ, ಇವಳ ಬಾಯಿಗೆ ಮಾತ್ರ ಕೀಲಿ ಸಿಗ್ತಿಲ್ಲ ಕಣೋ" ಎಂದು ನನ್ನೆದುರು ನಗಾಡಿದ. ನಗುವಿನ ಕೆಳಗೆ ಅಳು ಇತ್ತು.

ನಾನು ಕಣ್ಣು ಕತ್ತರಿಸುವವನು. ಗಾಬರಿಯಾಗಬೇಡಿ, ಇಲಿಯ ಕಣ್ಣು. ಮೆಣಸಿನ ಕಾಳಿನಷ್ಟಿರುವ ಅದನ್ನು ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಹೋಳು ಮಾಡಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಚ್ಚಿ ಕೊಡುವುದು ಹತ್ತೊಂಬತ್ತು ವರ್ಷಗಳ ನನ್ನ ಕಸುಬು. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಇಲಿಗಳ ಕೋಣೆ. ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರಲ್ಲಿ ಸಾಲಾಗಿ ಪಾರದರ್ಶಕ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ಒಂದು ಕಾರ್ಡು: ತಾಯಿ ಯಾರು, ತಂದೆ ಯಾರು, ಹುಟ್ಟಿದ ದಿನ ಯಾವುದು, ಮರಿ ಎಷ್ಟು. ಆ ಕಾರ್ಡೇ ಇಲಿಯ ಜಾತಕ. ಜಾತಕವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಒಂದು ತಿಂಗಳಲ್ಲಿ ಅತ್ತಿಗೆಯ ಬಾಯಿ ಬಿಚ್ಚಿತು. ಪೆಟ್ಟಿಗೆ ಎಳೆಯುವ ಮುಂಚೆ ಕಪಾಟನ್ನು ಬೆರಳಿನಿಂದ ಎರಡು ಸಲ ತಟ್ಟಿ "ಬಂದೆ ಕಣ್ರವ್ವಾ" ಅನ್ನುತ್ತಿದ್ದಳು. ಎಡಗಡೆಯ ಕಪಾಟಿನವಕ್ಕೆ ಇನ್ನೂ ಮೆಲ್ಲಗೆ. ಅವು ಕುರುಡು ಸಾಲಿನವು, ಸಾಲು ಅಂದರೆ ಇಲ್ಲಿ ಇಲಿಯ ವಂಶ. ಹುಟ್ಟುವಾಗ ಎಲ್ಲ ಸರಿಯಿದ್ದು, ಒಂದು ಜೀನಿನ ದೋಷದಿಂದ ಮೂರೇ ವಾರದಲ್ಲಿ ಕಣ್ಣಿನ ಒಳಪದರದ ಜೀವಕೋಶಗಳು ಸತ್ತುಹೋಗುವ ಇಲಿಗಳು. ಮನುಷ್ಯರಲ್ಲೂ ಅಂಥ ಕುರುಡುತನ ಇದೆ, ಅದಕ್ಕೇ ಈ ಸಂಶೋಧನೆ. ಎಳೆಮರಿಗಳನ್ನು ಅವಳು ಎತ್ತುವ ರೀತಿ ನೋಡಿ ಎಲ್ಲರೂ ಅವಳನ್ನು ಸೂಲಗಿತ್ತಿ ಎಂದು ಕರೆಯತೊಡಗಿದರು. ಅವಳಿಗೂ ಅದು ಹಿಡಿಸಿತ್ತು.

ಕುರುಡು ಸಾಲು ಒಬ್ಬ ಹುಡುಗಿಯದಾಗಿತ್ತು. ಡಾಕ್ಟರೇಟಿಗೆ ಓದುತ್ತಿದ್ದವಳು, ಉಗುರು ಕಚ್ಚುವ ಚಾಳಿಯವಳು. ಅವಳ ಊಹೆ ಇಷ್ಟೇ: ಈ ಇಲಿಗಳಲ್ಲಿ ಇನ್ನೊಂದು ಜೀನನ್ನೂ ತೆಗೆದುಹಾಕಿದರೆ ಆ ಕೋಶಗಳು ಸಾಯುವುದು ನಿಧಾನವಾಗಬಹುದು. ಹಾಗೆ ಎರಡೂ ಜೀನು ಕೆಟ್ಟ ತಂದೆತಾಯಿಗಳನ್ನು ತಯಾರು ಮಾಡಲಿಕ್ಕೇ ಎರಡು ವರ್ಷ ಹಿಡಿಯಿತು. ತಂದೆತಾಯಿ ಇಬ್ಬರೂ ಹಾಗಿದ್ದರೆ ಮರಿಗಳೆಲ್ಲ ಹಾಗೆಯೇ ಇರಲೇಬೇಕು. ಆದ್ದರಿಂದ ಬೇರೆ ಸಾಲುಗಳಲ್ಲಿ ಮಾಡುವಂತೆ ಪ್ರತಿ ಮರಿಯ ಕಿವಿಚೂರು ತೆಗೆದು ಜೀನು ಪರೀಕ್ಷೆ ಮಾಡುವ ಪದ್ಧತಿ ಇಲ್ಲಿರಲಿಲ್ಲ. ಕಾರ್ಡು ನೋಡಿದರೆ ಮುಗಿಯಿತು.

ಈ ಸಾಲಿನ ಮೊದಲ ಮರಿಗಳು ಹುಟ್ಟಿದ್ದು ನಲವತ್ತೊಂದನೇ ಪೆಟ್ಟಿಗೆಯಲ್ಲಿ, ಆರು. ಒಂದು ತಿಂಗಳಾದ ಮೇಲೆ ಅವುಗಳ ಕಣ್ಣು ನನ್ನ ಮೇಜಿಗೆ ಬಂದವು. ನಾಲ್ಕರಲ್ಲಿ ಎಂದಿನಂತೆ ಒಳಪದರ ಸವೆದು ಕೋಶಗಳ ಒಂದೇ ಒಂದು ಸಾಲು ಉಳಿದಿತ್ತು. ಎರಡರಲ್ಲಿ ಹತ್ತು ಸಾಲು, ಒಂದರ ಮೇಲೊಂದು ಒತ್ತೊತ್ತಾಗಿ. ಹುಡುಗಿ ಸೂಕ್ಷ್ಮದರ್ಶಕದಿಂದ ತಲೆ ಎತ್ತಲೇ ಇಲ್ಲ. ಆಮೇಲೆ ನೆಲಮಾಳಿಗೆಗೆ ಓಡಿಹೋಗಿ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಕೈಗುಣ ಅಮ್ಮ, ನಲವತ್ತೊಂದರಲ್ಲಿ ಎರಡಕ್ಕೆ ಕಣ್ಣು ಉಳೀತು" ಅಂದಳಂತೆ.

ನಿಜ ಹೇಳುತ್ತೇನೆ, ನನಗೆ ಆಗಲೇ ಸಂಶಯ ಬಂದಿತ್ತು. ಅರ್ಧ ಉಳಿದ ಕಣ್ಣು ನುಸಿ ಹಿಡಿದ ಬಟ್ಟೆಯ ಹಾಗೆ ಅಲ್ಲಲ್ಲಿ ತೂತಾಗಿರುತ್ತದೆ. ಇವೆರಡು ಎಲ್ಲೂ ಊನವಿಲ್ಲದ ಕಣ್ಣುಗಳು. ಆದರೆ ಹೊಗಳಿಕೆಯಲ್ಲಿ ನನಗೂ ಪಾಲು ಸಿಕ್ಕಿತ್ತು, ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಆ ಸಂಜೆ ಅತ್ತಿಗೆ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು.

"ಆ ಎರಡು ಮರಿ ನಲವತ್ತೊಂದರದ್ದಲ್ಲ" ಅಂದಳು.

ಆದದ್ದಿಷ್ಟು. ನಲವತ್ತೊಂದರ ಮರಿಗಳು ಹುಟ್ಟಿದ ಮರುದಿನ ಬೆಳಿಗ್ಗೆ ಅವುಗಳಲ್ಲಿ ಎರಡು ಸತ್ತಿದ್ದವು. ಪಕ್ಕದ ಕಪಾಟಿನ ಕಣ್ಣು ಸರಿಯಿರುವ ಸಾಲಿನಲ್ಲಿ ಒಬ್ಬ ತಾಯಿಯೇ ಸತ್ತು, ಅದರ ಐದು ಮರಿಗಳಲ್ಲಿ ಮೂರು ತಣ್ಣಗಾಗಿದ್ದವು. ಉಳಿದೆರಡು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ತಬ್ಬಲಿ ಮರಿಗಳನ್ನು ಕೊಂದು ದಾಖಲಿಸಬೇಕು ಎಂಬುದು ನಿಯಮ. ಅತ್ತಿಗೆ ಅವನ್ನು ನಲವತ್ತೊಂದರ ಹುಲ್ಲಿನಲ್ಲಿ ಚೆನ್ನಾಗಿ ಹೊರಳಿಸಿ, ವಾಸನೆ ಹತ್ತಿಸಿ, ಆ ತಾಯಿಯ ಮೊಲೆಗೆ ಬಿಟ್ಟಿದ್ದಳು. ಎಲ್ಲವೂ ಕಪ್ಪು ಇಲಿಗಳೇ. ಚೀಲದಲ್ಲಿ ಐದು ಮರಿಗಳ ಹೆಣ, ಪೆಟ್ಟಿಗೆಯಲ್ಲಿ ಆರು ಮರಿ. ಕಾರ್ಡು ತಿದ್ದುವ ಅಗತ್ಯವೇ ಬೀಳಲಿಲ್ಲ.

"ಕಿವಿಚೂರು ತಗೊಂಡು ನೋಡೇ ನೋಡ್ತಾರಲ್ಲ, ಗೊತ್ತಾಗತ್ತೆ ಅಂದ್ಕೊಂಡೆ. ಬಾಯಿ ಬಿಡ್ತಿದ್ವು ಕಣೋ. ಹೇಗೆ ಸಾಯಿಸ್ಲಿ?"

"ಅತ್ತಿಗೆ, ಸುಮ್ನಿರು" ಅಂದೆ. "ಒಂದು ಸಲ ಬಂದದ್ದನ್ನ ಯಾರೂ ನಂಬಲ್ಲ, ಮತ್ತೆ ಮಾಡಿ ನೋಡ್ತಾರೆ. ಬರಲಿಲ್ಲ ಅಂದ್ರೆ ತಾನಾಗೇ ಬಿದ್ದುಹೋಗತ್ತೆ. ನೀನು ಹೇಳಿದ್ರೆ ನಿನ್ನ ಕೆಲಸವೂ ಹೋಗತ್ತೆ, ಸೇರಿಸಿದ ನನ್ನ ತಲೆಗೂ ಬರತ್ತೆ."

ಕೊನೆಯ ಮಾತೇ ನಿಜವಾದ ಮಾತು. ಅದನ್ನು ಕೊನೆಗೆ ಹೇಳಿದ್ದು ನನ್ನ ಜಾಣತನ. ಅತ್ತಿಗೆ ನನ್ನನ್ನು ನಂಬಿದಳು, ಓದಿದವನಲ್ಲವೇ.

ಆದರೆ ಅದು ತಾನಾಗಿ ಬಿದ್ದುಹೋಗಲಿಲ್ಲ. ಹುಡುಗಿ ಮತ್ತೆ ಮಾಡಿದಳು, ಬರಲಿಲ್ಲ. ಮೊದಲು ಬಂದದ್ದು ಈಗೇಕೆ ಬರುತ್ತಿಲ್ಲ ಎಂದು ಅವಳ ಗುರುಗಳು ಗದರಿದರು. ಇನ್ನಷ್ಟು ಇಲಿ ಹುಟ್ಟಿಸಿದರು. ಬೆಳಕು ಬದಲಿಸಿದರು, ಆಹಾರ ಬದಲಿಸಿದರು. ಗುಡ್ಡ ಅಗೆದು ಇಲಿ ಹಿಡಿದರು ಎಂದು ಜನ ನಗುತ್ತಾರೆ. ಇಲ್ಲಿ ಇಲಿ ಅಗೆಯುತ್ತಾ ಗುಡ್ಡವೇ ಆಯಿತು. ಹತ್ತು ತಿಂಗಳಲ್ಲಿ ಇನ್ನೂರ ಮೂವತ್ತು ಇಲಿಗಳ ಕಣ್ಣು ನನ್ನ ಬ್ಲೇಡಿನ ಕೆಳಗೆ ಬಂದವು. ಅವನ್ನೆಲ್ಲ ಹುಟ್ಟಿದಾಗಿನಿಂದ ನೋಡಿಕೊಂಡು, ತಿಂಗಳು ತುಂಬಿದ ದಿನ ಮೇಲಕ್ಕೆ ತಂದುಕೊಡುತ್ತಿದ್ದವಳು ಅತ್ತಿಗೆ. "ಎರಡು ಉಳಿಸೋಕೆ ಹೋಗಿ ಎಷ್ಟು ತಿಂದೆ ನೋಡು" ಎಂದಳು ಒಮ್ಮೆ. ಆಗ ಕಪಾಟು ತಟ್ಟುವುದನ್ನೂ ನಿಲ್ಲಿಸಿದ್ದಳು. ಮನೆಯಲ್ಲಿ ಊಟದ ತಟ್ಟೆ ಮುಂದಿಟ್ಟುಕೊಂಡು ಯಾಕೆ ಸುಮ್ಮನೆ ಕೂರುತ್ತಾಳೆ ಎಂದು ಅಣ್ಣ ಕೇಳಿದರೆ ನಾನು, "ವಯಸ್ಸಾಯ್ತಲ್ಲ" ಅಂದೆ.

ಒಂದು ಮಧ್ಯಾಹ್ನ ಹುಡುಗಿ ನನ್ನ ಕೋಣೆಗೆ ಬಂದಳು. ಗುರುಗಳು ವರದಿಯಲ್ಲಿ ದೋಷ ಅವಳ ಕೈಯದೇ ಎಂದು ಬರೆಯುವವರಿದ್ದರು. ಅವಳು ಎರಡೂ ಕೈ ನನ್ನ ದೀಪದ ಕೆಳಗೆ ಚಾಚಿದಳು. ಉಗುರಿನ ಸುತ್ತ ಚರ್ಮ ಕಿತ್ತು ಕೆಂಪಾಗಿತ್ತು.

"ನೀವು ಇಷ್ಟು ವರ್ಷದಿಂದ ನೋಡಿದೀರಲ್ಲ ಸರ್. ಕಣ್ಣು ತೆಗೆಯುವಾಗ ನನ್ನ ಕೈ ನಡುಗತ್ತಾ? ನಿಜ ಹೇಳಿ. ನಡುಗತ್ತೆ ಅಂದ್ರೆ ಈ ಕೆಲಸ ಬಿಟ್ಟುಬಿಡ್ತೀನಿ."

ಆ ಕೈ ಒಂದು ದಿನವೂ ನಡುಗಿರಲಿಲ್ಲ. ನಾನು ಮೇಜಿನ ಮೇಲಿನ ಪಟ್ಟಿಗಳನ್ನು ಜೋಡಿಸತೊಡಗಿದೆ. ಅಷ್ಟರಲ್ಲಿ ಪೆಟ್ಟಿಗೆ ತಂದಿದ್ದ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಸೀರೆಗೆ ಕೈ ಒರೆಸಿಕೊಂಡು ಒಳಗೆ ಬಂದಳು.

"ನಿನ್ನ ಕೈಯದೇನೂ ತಪ್ಪಿಲ್ಲ ಮಗಳೇ" ಅಂದಳು. ಐದು ಹೆಣ, ಆರು ಮರಿ, ಹುಲ್ಲು, ವಾಸನೆ, ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಹೇಳಿದಳು. ಅಳಲಿಲ್ಲ.

ಹುಡುಗಿ ಚಾಚಿದ್ದ ಕೈಗಳನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಕೇಳಿದಳು: "ಹತ್ತು ತಿಂಗಳು. ಇದು ಇನ್ಯಾರಿಗೆ ಗೊತ್ತಿತ್ತು?"

ಅತ್ತಿಗೆ ನನ್ನ ಕಡೆ ನೋಡಲೂ ಇಲ್ಲ. "ಯಾರಿಗೂ ಗೊತ್ತಿಲ್ಲ" ಅಂದಳು.

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಒಂದು ಗಾಜಿನ ಪಟ್ಟಿ ಇತ್ತು. ಬೆಳಕಿಗೆ ಹಿಡಿದು ನೋಡುವವನ ಹಾಗೆ ಅದನ್ನು ಹಿಡಿದುಕೊಂಡೆ.

ಅತ್ತಿಗೆಯ ಕೆಲಸ ಆ ವಾರವೇ ಹೋಯಿತು. ಹೊರಡುವ ದಿನ ಗೇಟಿನವರೆಗೂ ಜೊತೆಗೆ ಹೋದೆ. ಯಾರಿಗೂ ಗೊತ್ತಿಲ್ಲ ಅಂತ ಯಾಕೆ ಹೇಳಿದೆ ಎಂದು ಕೇಳಿದೆ. "ಇಬ್ಬರು ಮುಳುಗಿ ಏನಾಗ್ಬೇಕು? ನೀನು ಚಿಕ್ಕವನು" ಅಂದಳು. ನನಗೆ ಐವತ್ತೆರಡು.

ಹುಡುಗಿ ಕೆಲಸ ಬಿಡಲಿಲ್ಲ, ಅದೊಂದೇ ಸಮಾಧಾನ. ಎಲ್ಲವನ್ನೂ ಮೊದಲಿಂದ ಶುರು ಮಾಡಿದಳು. ಎರಡು ತಿಂಗಳಾದ ಮೇಲೆ ನನ್ನ ಮೇಜಿಗೆ ಬಂದು ಹೊಸ ಕಣ್ಣುಗಳ ತಟ್ಟೆ ಇಟ್ಟಳು.

"ಈಗ ಪ್ರತಿ ಮರಿಗೂ ಜೀನು ಪರೀಕ್ಷೆ ಮಾಡಿಸ್ತೀನಿ. ಕಾರ್ಡು, ಪೆಟ್ಟಿಗೆ, ಯಾರ ಮಾತೂ ನಂಬಲ್ಲ" ಅಂದಳು. ತಟ್ಟೆಯನ್ನು ನನ್ನ ಕಡೆ ತಳ್ಳಿ, "ಈ ಕಟ್ಟಡದಲ್ಲಿ ಕಣ್ಣುಮುಚ್ಚಿ ನಂಬೋದು ನಿಮ್ಮೊಬ್ಬರನ್ನೇ ಸರ್" ಎಂದಳು.

ನಾನು ಹೂಂ ಅಂದು ತಟ್ಟೆ ತೆಗೆದುಕೊಂಡೆ.