ಸಿನಿಮಾದಲ್ಲಿ ನಮ್ಮ ಛತ್ರದ ಬೀಗ

ಕುಣಿಗಲ್ಲಿನ ಒಂದು ಮದುವೆ ಛತ್ರವನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೋಡಿಕೊಳ್ಳುವುದು ಎಂದರೆ ಕುರ್ಚಿ ಹಾಕಿಕೊಂಡು ಕೂರುವುದು ಎಂದುಕೊಂಡವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನೀರಿನ ಟ್ಯಾಂಕು, ಜನರೇಟರು, ಗ್ಯಾಸು, ಪಾತ್ರೆ, ಎರಡೂ ಕಡೆಯ ನೆಂಟರ ಸಿಟ್ಟು, ಎಲ್ಲ ನನ್ನ ತಲೆಯ ಮೇಲೇ. ಹಾಗಾಗಿ ಇಬ್ಬರು ಹಾಡುಗಾರರು ನಮ್ಮಲ್ಲಿ ಕಾಮಿಡಿ ಸಿನಿಮಾ ತೆಗೆಯಲು ಬರುತ್ತಾರೆ, ಛತ್ರ ನೋಡಿಕೊಳ್ಳುವ ಪೆದ್ದರ ಪಾರ್ಟು ಅವರದು ಎಂದು ಯಜಮಾನರು ಹೇಳಿದಾಗ ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟೆ.

“ಪೆದ್ದರು ಬೇಕಾದ್ರೆ ಇನ್ಯಾವ ಕೆಲ್ಸದೋರೂ ಸಿಗ್ಲಿಲ್ವಾ ಯಜಮಾನ್ರೇ ಅವ್ರಿಗೆ?”

“ಸುಮ್ನಿರ್ಲಾ. ನಮ್ ಛತ್ರ ಸಿನಿಮಾದಲ್ ಬರ್ತದೆ,” ಎಂದರು.

ಹಾಡುಗಾರರು ಗುಬ್ಬಿ ಕಡೆಯವರು. ಆರ್ಕೆಸ್ಟ್ರಾದಲ್ಲಿ ಹಾಡಿ ಹಾಡಿ ಮೇಲೆ ಬಂದವರು. ತುಮಕೂರಿನಿಂದ ಹುಲಿಯೂರುದುರ್ಗದ ತನಕ ಯಾವ ಆಟೋ ಹತ್ತಿದರೂ ಅವರದೇ ಹಾಡು. ಶೂಟಿಂಗಿಗೆ ಎರಡು ದಿನ ಮೊದಲೇ ಬಂದು ನನ್ನ ಹಿಂದೆ ಹಿಂದೆ ಸುತ್ತಿದರು. ಹಿರಿಯವರು ಗಂಟಲಿಗೆಂದು ಫ್ಲಾಸ್ಕಿನಲ್ಲಿ ಮೆಣಸಿನ ಕಷಾಯ ಇಟ್ಟುಕೊಂಡಿದ್ದರು, ನನಗೂ ಒಂದು ಲೋಟ ಬಗ್ಗಿಸಿಕೊಟ್ಟರು. ಅಷ್ಟು ಹೆಸರಾದವರು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, “ಅಣ್ಣಾ, ನೀವು ಯಾವತ್ತಾದ್ರೂ ಎಡವಟ್ಟು ಮಾಡಿದ್ದುಂಟಾ?” ಎಂದು ಕೇಳಿದರು. ನನ್ನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ.

ಎಡವಟ್ಟು ಆಗಿದ್ದು ಆರು ವರ್ಷದ ಹಿಂದೆ, ಅದೂ ಯಜಮಾನರ ಒಬ್ಬಳೇ ಮಗಳ ಮದುವೆಯಲ್ಲಿ. ಮುಹೂರ್ತಕ್ಕೆ ಹೆಣ್ಣನ್ನು ಮಂಟಪಕ್ಕೆ ಕರೆದೊಯ್ದ ಕೂಡಲೇ ಹೆಣ್ಣಿನ ಕೋಣೆಗೆ ಬೀಗ ಹಾಕುವುದು ನನ್ನ ರೂಢಿ. ಒಳಗೆ ಒಡವೆ ಇರುತ್ತದಲ್ಲ. ಅವತ್ತು ಹೆಂಗಸರು ಗುಂಪಾಗಿ ಹೊರಗೆ ಬಂದರು, ಹೆಣ್ಣೂ ಅವರ ನಡುವೆ ಇದ್ದಾಳೆ ಎಂದುಕೊಂಡು ಬೀಗ ಹಾಕಿದೆ. ಎಲೆ ಸಾಲದು ಎಂದು ಅಡಿಗೆಯವರು ಕೂಗಿದ್ದರಿಂದ ಬೈಕ್ ಹತ್ತಿ ಮಾರ್ಕೆಟ್ಟಿಗೆ ಹೋದೆ. ಹೆಂಗಸರು ಬಂದದ್ದು ಸೋದರಮಾವನನ್ನು ಕರೆಯಲು. ಹೆಣ್ಣು ಕೋಣೆಯೊಳಗಿನ ಬಚ್ಚಲಲ್ಲಿ ಸೆರಗಿಗೆ ಪಿನ್ ಹಾಕಿಕೊಳ್ಳುತ್ತಿದ್ದಳು. ಅಯ್ಯೋ, ಆ ಮಗು ಬಾಗಿಲು ಬಡಿದದ್ದೇ ಬಡಿದದ್ದು. ಓಲಗ, ಡೋಲಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ.

ಫೋನ್ ಬಂದು ನಾನು ವಾಪಸ್ ಓಡಿಬಂದಾಗ ಬಾಗಿಲ ಮುಂದೆ ಜಾತ್ರೆಯಷ್ಟು ಜನ. ಯಜಮಾನರು, “ಯಾವನ್ಲಾ ಬೀಗ ಹಾಕ್ದೋನು? ಇವತ್ತೇ ಅವ್ನ ಗಂಟುಮೂಟೆ ಆಚೆಗೆ!” ಎಂದು ಕೂಗುತ್ತಿದ್ದರು. ನಮ್ಮ ಸಂಸಾರ ಇರುವುದು ಛತ್ರದ ಹಿಂದಿನ ಎರಡು ಕೋಣೆಯಲ್ಲಿ.

“ಯಾರೂ ಹಾಕಿಲ್ಲ ಯಜಮಾನ್ರೇ. ಬೀಗ ತಾನಾಗೇ ಬಿದ್ದದೆ. ತಡೀರಿ,” ಎಂದೆ. ಜನರಿಗೆ ಬೆನ್ನು ಹಾಕಿ ಕೀ ಒಳಗಿಟ್ಟೆ. ತಿರುಗಿಸಲಿಲ್ಲ. ತಿರುಗಿಸುವವನ ಹಾಗೆ ಭುಜ ಮಾತ್ರ ಆಡಿಸಿದೆ. “ತಿರುಗ್ತಿಲ್ಲ. ಕೆಟ್ಟೋಗಿದೆ ಬೀಗ,” ಎಂದು ಸುತ್ತಿಗೆ ತರಿಸಿ ಒಡೆದೆ. ಹೆಣ್ಣು ಹೊರಗೆ ಬಂತು, ಮುಹೂರ್ತ ತಪ್ಪಲಿಲ್ಲ, ಧಾರೆ ಆಯಿತು.

ನಾನು ಉಳಿದುಕೊಂಡೆ, ಸಿಕ್ಕಿಹಾಕಿಕೊಂಡದ್ದು ಬೀಗದ ಅಂಗಡಿಯವರು. ಅವರು ಯಜಮಾನರ ಜೊತೆ ಸ್ಲೇಟು ಹಿಡಿದು ಒಂದನೇ ಕ್ಲಾಸಿನಿಂದ ಓದಿದ ಸ್ನೇಹಿತರು, ಮದುವೆಗೆಂದು ಆ ಬೀಗ ಹೊಸದಾಗಿ ತಂದು ಬಾಗಿಲ ಹಲಗೆಗೆ ಆರಪಾರ ತೂತು ಕೊರೆದು ತಾವೇ ಕೂರಿಸಿದ್ದರು. ಊಟದ ಪಂಕ್ತಿಯಲ್ಲೇ ಯಜಮಾನರು ಅವರ ಮರ್ಯಾದೆ ತೆಗೆದರು. ಎಲೆ ಬಿಟ್ಟು ಎದ್ದು ಹೋದವರು ಮತ್ತೆ ಛತ್ರದ ಕಡೆ ಮುಖ ಹಾಕಲಿಲ್ಲ. ಯಜಮಾನರೂ ಆ ಅಂಗಡಿಯ ಮುಂದೆ ಹೋದರೆ ಮುಖ ತಿರುಗಿಸಿಕೊಂಡೇ ಹೋಗುವರು. ಆಗಾಗ ಅಂಗಡಿಯವರು ನನ್ನನ್ನು ನಿಲ್ಲಿಸಿ, “ನನ್ ಬೀಗ ಕೆಡಲ್ಲ ಕಣಪ್ಪಾ. ಏನಾಯ್ತು ಅಂತ ನೀನಾದ್ರೂ ಹೇಳು,” ಎನ್ನುವರು. ನಾನು ಕೆಲಸ ಇದೆ ಎಂದು ಜಾರಿಕೊಳ್ಳುತ್ತಿದ್ದೆ. ಆರು ವರ್ಷ ಸ್ವಾಮಿ. ಅನ್ನ ಇಳಿಯುತ್ತಿತ್ತು, ಆದರೆ ನೆಮ್ಮದಿಯಾಗಿ ಇಳಿಯುತ್ತಿರಲಿಲ್ಲ.

ಹಾಡುಗಾರರಿಗೂ ನಾನು ಪೂರ್ತಿ ಹೇಳಲಿಲ್ಲ. ಮರೆತು ಬೀಗ ಹಾಕಿದೆ, ಕೀ ಕಳೆದುಹೋಗಿತ್ತು, ಒಡೆದೆ ಎಂದೆ, ಅಷ್ಟೇ. ಭುಜ ಆಡಿಸಿದ ಸಂಗತಿ ನನ್ನ ಹೊಟ್ಟೆಯಲ್ಲೇ ಇತ್ತು.

ಸಿನಿಮಾ ತುಮಕೂರಿಗೆ ಬಂತು. ಮಧ್ಯಾಹ್ನದ ಆಟಕ್ಕೆ ಯಜಮಾನರು ಮಗಳು, ಮೊಮ್ಮಗಳ ಜೊತೆ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಹಾಡುಗಾರರಿಬ್ಬರೂ ಸಾಂಬಾರಿನ ಹಂಡೆಗೆ ಬಿದ್ದರು, ಗಂಡಿನ ಹಾರವನ್ನು ಹಸುವಿಗೆ ತಿನ್ನಿಸಿದರು, ನೀರಿನ ಟ್ಯಾಂಕು ತೊಳೆಯಲು ಇಳಿದು ಹತ್ತಲಾರದೆ ಒಳಗಿಂದಲೇ ಹಾಡಿದರು. ಥಿಯೇಟರ್ ಬಿದ್ದು ಬಿದ್ದು ನಗುತ್ತಿತ್ತು. ನನಗೂ ನಗು ತಡೆಯಲಾಗಲಿಲ್ಲ, ಸುಳ್ಳೇಕೆ.

ಆಮೇಲೆ ಆ ಬಾಗಿಲು ಬಂತು. ಹಿರಿಯ ಹಾಡುಗಾರರು ಹೆಣ್ಣನ್ನು ಒಳಗೆ ಬಿಟ್ಟು ಬೀಗ ಹಾಕಿದರು. ಇನ್ನು ಕೀ ಕಳೆಯುತ್ತದೆ ಎಂದು ಕಾಯುತ್ತಿದ್ದೆ. ಕಳೆಯಲಿಲ್ಲ. ಅವರು ಕೀ ಒಳಗಿಟ್ಟರು, ತಿರುಗಿಸದೆ ಭುಜ ಆಡಿಸಿದರು. ಪರದೆಯ ಮೇಲೆ ಈಗ ಕೋಣೆಯ ಒಳಗಿನಿಂದ ಕಾಣುವ ಬಾಗಿಲು: ಕೀಲಿಯ ತೂತಿನಲ್ಲಿ ಕೀಯ ತುದಿ ಬಂತು, ಅಲ್ಲಾಡದೆ ನಿಂತಿತು, ಹಾಗೇ ವಾಪಸ್ ಹೋಯಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಆ ಕೋಣೆಯ ಒಳಗಿದ್ದವಳು ಒಬ್ಬಳೇ, ಈಗ ನನ್ನ ಪಕ್ಕದ ಸೀಟಿನಲ್ಲಿ ಕೂತು ಕಣ್ಣೀರು ಬರುವಂತೆ ನಗುತ್ತಿದ್ದಳು.

ಇಂಟರ್‌ವಲ್ಲಿನಲ್ಲಿ ಯಜಮಾನರು ಮೊಮ್ಮಗಳಿಗೆ ಪಾಪ್‌ಕಾರ್ನ್ ಕೊಡಿಸಲು ಹೋದಾಗ ಅವಳೇ ಬಾಯಿ ಬಿಟ್ಟಳು. “ಶೂಟಿಂಗ್ ನೋಡಕ್ ಬಂದಾಗ ನಾನೇ ಹೇಳ್ದೆ ಅಣ್ಣಾ ಅವ್ರಿಗೆ. ಯಾರ ಕಥೆ ಅಂತ ಹೇಳ್ಲಿಲ್ಲ.”

“ಅವತ್ತೇ ಯಾಕವ್ವಾ ಹೇಳ್ಲಿಲ್ಲ?”

“ಹೇಳಿದ್ರೆ ಅಪ್ಪ ನಿಮ್ಮನ್ನ ಬಿಡ್ತಿದ್ರಾ? ನನ್ ಮದ್ವೆ ದಿನ ಒಂದ್ ಸಂಸಾರ ಬೀದಿಗ್ ಬೀಳ್ಬೇಕಿತ್ತಾ? ಅಂಗಡಿ ಮಾಮನ್ ಜೊತೆ ಅಪ್ಪ ಎರಡ್ ದಿನದಲ್ಲಿ ರಾಜಿ ಆಗ್ತಾರೆ ಅಂದ್ಕೊಂಡೆ. ಆಗ್ಲಿಲ್ಲ.”

ಉಳಿದರ್ಧ ಸಿನಿಮಾ ನನಗೆ ಕಾಣಲೇ ಇಲ್ಲ.

ಹೊರಗೆ ಬಂದ ಮೇಲೆ ಯಜಮಾನರು ಇನ್ನೂ ನಗುತ್ತಾ, “ಥೂ, ಇಂಥ ಕಳ್ಳ ನಮ್ಮಲ್ಲಿದ್ದಿದ್ರೆ ಅವತ್ತೇ ಒದ್ದು ಓಡಿಸ್ತಿದ್ದೆ,” ಎಂದರು. ಮಗಳು ನನ್ನ ಮುಖ ನೋಡಿದಳು. ಆ ಹುಡುಗಿ ಆರು ವರ್ಷ ಕಾಪಾಡಿದ್ದು ಸಾಕು ಅನ್ನಿಸಿತು.

“ಅವನು ನಿಮ್ಮಲ್ಲೇ ಇದಾನೆ ಯಜಮಾನ್ರೇ. ನಾನೇ. ಬೀಗ ಚೆನ್ನಾಗೇ ಇತ್ತು. ಕೀ ನಾನೇ ತಿರುಗಿಸ್ಲಿಲ್ಲ.”

ಅವರ ನಗು ನಿಂತಿತು. ಬೈಯಲಿಲ್ಲ, ಕೈ ಎತ್ತಲಿಲ್ಲ. ಕಾರು ಹತ್ತಿ ಕುಣಿಗಲ್ ಕಡೆ ಹೊರಟರು. ಬಟ್ಟೆಬರೆ ಎಲ್ಲಿಂದ ಕಟ್ಟಲು ಶುರು ಮಾಡುವುದು ಎಂದು ನಾನು ಯೋಚಿಸುತ್ತಿದ್ದೆ. ಪೇಟೆಯಲ್ಲಿ ಕಾರು ಬೀಗದ ಅಂಗಡಿಯ ಮುಂದೆ ನಿಂತಿತು. “ಇಳಿಯೋ,” ಎಂದರು ನನಗೆ.

ಅಂಗಡಿಯವರು ಕನ್ನಡಕ ಮೇಲೆತ್ತಿ ನೋಡಿದರು. ಯಜಮಾನರು ಗಂಟಲು ಸರಿಮಾಡಿಕೊಂಡರು.

“ಒಂದ್ ಬೀಗ ಕೊಡೋ.”

“ಯಾಕೋ? ನನ್ ಬೀಗ ಕೆಟ್ಟೋಯ್ತವಲ್ಲಾ?”

“ಬೀಗ ಅಲ್ಲ ಕಣೋ ಕೆಟ್ಟಿದ್ದು. ಇವ್ನು,” ಎಂದು ಯಜಮಾನರು ನನ್ನ ಕುತ್ತಿಗೆಯ ಹಿಂದೆ ಕೈಯಿಟ್ಟು ಮುಂದೆ ತಳ್ಳಿದರು. “ನಾನೂ ಕೆಟ್ಟೋಗಿದ್ದೆ ಬುಡು. ವಿಚಾರಿಸ್ದೆ ಬಾಯ್ಬಿಟ್ಟೆ.”

ನಾನು ಎಲ್ಲ ಹೇಳಿದೆ, ಭುಜ ಆಡಿಸಿದ್ದನ್ನೂ ಹೇಳಿದೆ. ಅಂಗಡಿಯವರು ಯಜಮಾನರ ಕಡೆ ಒಂದು ಸ್ಟೂಲು ತಳ್ಳಿ, ಗೂಡಿನಿಂದ ಹೊಸ ಬೀಗ ತೆಗೆದು ನನ್ನ ಮುಂದಿಟ್ಟರು. “ಈಗ ತಿರುಗ್ಸಪ್ಪಾ, ನನ್ ಕಣ್ಮುಂದೆ.”

ಕೀ ಹಾಕಿ ತಿರುಗಿಸಿದೆ. ಬೀಗ ಬಿಚ್ಚಿಕೊಂಡಿತು. “ನೋಡ್ದಾ?” ಎಂದರು ಅಂಗಡಿಯವರು, ಯಜಮಾನರಿಗೆ. ಅಲ್ಲೇ ರಸ್ತೆಯಲ್ಲಿ ನಿಂತು ನಾನು ಅತ್ತುಬಿಟ್ಟೆ. ಅವರಿಬ್ಬರೂ ನನ್ನನ್ನು ಗಮನಿಸದೆ ಟೀ ಯಾರು ತರಿಸಬೇಕು ಎಂದು ಜಗಳ ಶುರು ಮಾಡಿದ್ದರು.