ತೂತು ತಪ್ಪಿಸಿದ ಅಕ್ಷರಗಳು

ನಾನು ಹುಟ್ಟಾ ಸಂಶಯದ ಪ್ರಾಣಿ. ಮನೆಗೆ ಬಂದ ಹಾಲಿಗೂ ಬೆರಳದ್ದಿ ನೋಡುವ ವಂಶ ನಮ್ಮದು. ಯಾರಾದರೂ ದೆವ್ವದ ಕತೆ ಶುರುಮಾಡಿದರೆ, ‘ನೀವೇ ಕಂಡಿರೋ, ಇನ್ನೊಬ್ಬರು ಕಂಡದ್ದೋ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಆ ಪ್ರಶ್ನೆಯನ್ನು ನೀವು ನನಗೇ ಕೇಳಬಹುದು. ನಾನೇ ಕಂಡೆ. ಆದರೂ ನಂಬಿ ಎನ್ನಲು ನಾಲಗೆ ಏಳುವುದಿಲ್ಲ.

ಎಪ್ಪತ್ತರ ದಶಕದ ಮಾತು. ಕಲ್ಕತ್ತೆಯಲ್ಲಿ ಚಿಕ್ಕಪ್ಪನ ಉಡುಪಿ ಹೋಟೆಲಿನ ಮಹಡಿಯಲ್ಲಿದ್ದುಕೊಂಡು ಹಳೆಯ ಗ್ರೀಕ್ ಬರಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ‘ಇಡ್ಲಿಹಿಟ್ಟು ರುಬ್ಬಲು ಬಾರದವ ಗ್ರೀಕ್ ರುಬ್ಬುತ್ತಾನೆ’ ಎಂದು ಚಿಕ್ಕಪ್ಪ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿಯೇ ಫ್ಲೋರಾ ಟೀಚರ್ ಮಂಡಿನೋವಿದ್ದರೂ ಮಹಡಿ ಹತ್ತಿ ಬಂದದ್ದು. ಮಂಗಳೂರಿನ ಕ್ರೈಸ್ತ ಮನೆತನದವರು, ಶಾಲೆಯಿಂದ ನಿವೃತ್ತರಾದವರು, ಒಂಟಿ. ಶನಿವಾರ ಶನಿವಾರ ನೀರುದೋಸೆಗೆಂದು ಟ್ರಾಮ್ ಹಿಡಿದು ಬರುತ್ತಿದ್ದರು.

“ನಮ್ಮ ಎಡ್ವಿನ್ ತಂದ ಒಂದು ಹಾಳೆ ಉಂಟು. ನೀನೊಮ್ಮೆ ನೋಡಿ ಹೇಳು ಮಾರಾಯ, ಅವ ಕಳ್ಳನಾ ಅಲ್ಲವಾ ಅಂತ,” ಎಂದರು.

ಎಡ್ವಿನ್ ಅವರ ತಮ್ಮ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಗುಮಾಸ್ತನಾಗಿ ಈಜಿಪ್ಟಿನಲ್ಲಿದ್ದಾಗ ಪಪೈರಸ್ಸಿನ ತುಂಡೊಂದನ್ನು ಕೊಂಡಿದ್ದ. ಪಪೈರಸ್ ಎಂದರೆ ಜೊಂಡಿನ ಸೀಳುಗಳಿಂದ ಮಾಡುತ್ತಿದ್ದ ಹಾಳೆ. ಅದರ ಒಂದು ಬದಿಯಲ್ಲಿ ಯಾರೋ ವೈದ್ಯ ಬರೆದ ಕಣ್ಣುಬೇನೆಯ ಮದ್ದುಗಳು. ಅದು ಬೇಡವಾದ ಮೇಲೆ ಹಿಂಬದಿಯಲ್ಲಿ ಮತ್ತೊಬ್ಬ ಬರೆದ ಸತ್ಯವೇದದ, ಅಂದರೆ ಬೈಬಲಿನ, ಸಾಲುಗಳು. ಮೊದಲ ಕಾಲದ ಕ್ರೈಸ್ತರು ಹೀಗೆ ಬಳಸಿ ಬಿಟ್ಟ ಹಾಳೆಯ ಬೆನ್ನಿನಲ್ಲೂ ಬರೆದುಕೊಳ್ಳುತ್ತಿದ್ದುದುಂಟು.

ಎಡ್ವಿನ್ ಕಲ್ಕತ್ತೆಗೆ ಮರಳಿ ಹೆಮ್ಮೆಯಿಂದ ಅದನ್ನು ಇಲ್ಲಿನ ಚರ್ಚಿನವರಿಗೆ ತೋರಿಸಿದ. ಒಬ್ಬ ಪಂಡಿತರು, ‘ಅಕ್ಷರಗಳು ತೂತುಗಳನ್ನು ತಪ್ಪಿಸಿಕೊಂಡು ಹೋಗಿವೆ. ಹಾಳೆ ಹಾಳಾದ ಮೇಲೆ ಬರೆದದ್ದು, ಖೋಟಾ’ ಎಂದುಬಿಟ್ಟರು. ಎಡ್ವಿನ್ ಪಾದ್ರಿಯೊಬ್ಬರ ಬಳಿ ಗ್ರೀಕ್ ಕಲಿತಿದ್ದ. ಅವನೇ ಗೀಚಿರಬೇಕೆಂದು ಊರೆಲ್ಲ ಆಡಿಕೊಂಡಿತು. ಆತ ಚರ್ಚಿಗೆ ಹೋಗುವುದನ್ನೇ ಬಿಟ್ಟ, ಅದೇ ಕೊರಗಿನಲ್ಲಿ ತೀರಿಕೊಂಡ. ಹಾಳೆಯ ಕೊನೆಯ ಸಾಲನ್ನು ತನ್ನ ಗೋರಿಯ ಮೇಲೆ ಕೆತ್ತಿಸಬೇಕೆಂಬುದು ಅವನ ಕೊನೆಯ ಆಸೆ. ತಮ್ಮನ ಸುಳ್ಳಾಗಿದ್ದರೆ ಅದನ್ನು ಕಲ್ಲಿಗೂ ಏರಿಸಬೇಕೇ ಎಂದು ಟೀಚರ್ ಕಲ್ಲನ್ನು ಖಾಲಿ ಬಿಟ್ಟಿದ್ದರು.

ಮಳೆಗಾಲದ ಒಂದು ಸಂಜೆ ಎಂಟಾಲಿ ಬಡಾವಣೆಯ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಎಡ್ವಿನ್ ಕೈಯಾರೆ ಬರೆದ ಗ್ರೀಕ್ ವರ್ಣಮಾಲೆ ತೂಗುತ್ತಿತ್ತು. ಹಾಳೆಯನ್ನು ಎರಡು ಗಾಜುಗಳ ನಡುವೆ ಇಟ್ಟು ಅಂಚಿಗೆ ಬಟ್ಟೆಯ ಪಟ್ಟಿ ಅಂಟಿಸಿದ್ದರು; ಪಟ್ಟಿಯ ಮೇಲೆ ವರ್ಷಗಳ ಧೂಳು ಗಟ್ಟಿಯಾಗಿ ಕೂತಿತ್ತು. ವೈದ್ಯನ ಅಕ್ಷರಗಳನ್ನು ತೂತುಗಳು ನುಂಗಿದ್ದವು. ಹಿಂಬದಿಯ ಅಕ್ಷರಗಳು ಅದೇ ತೂತುಗಳನ್ನು ಸುತ್ತುಹಾಕಿ ಸಾಗಿದ್ದವು. ಖೋಟಾ ಎಂದು ನನಗೂ ಒಳಗೊಳಗೇ ಅನ್ನಿಸಿತು. ಆದರೆ ಎರಡನೆಯವನ ಕೈಗೆ ಬರುವ ಹೊತ್ತಿಗೇ ಹಾಳೆ ತೂತಾಗಿದ್ದರೆ? ಆಗ ಅಂದಿನ ಭಕ್ತನೂ ತೂತು ಬಿಟ್ಟೇ ಬರೆಯುತ್ತಾನೆ, ಎಡ್ವಿನನೂ ಬಿಟ್ಟೇ ಬರೆಯುತ್ತಾನೆ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಕೊನೆಯ ಸಾಲಂತೂ ಒಂದು ತೂತಿನ ಅಂಚಿಗೆ ಬಂದು ಅರ್ಧ ಪದದಲ್ಲೇ ನಿಂತಿತ್ತು.

ಅಷ್ಟರಲ್ಲಿ ಲೋಡ್‌ಶೆಡ್ಡಿಂಗ್. ಟೀಚರ್ ಲಾಟೀನು ತರಲು ಒಳಗೆ ಹೋದರು. ನಾನು ಗಾಜನ್ನು ಕುರ್ಚಿಯ ಮೇಲಿಟ್ಟು ಎದ್ದು ಕಿಟಕಿ ತೆರೆದು, ಮತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಉಳಿದ ಬೆಳಕಿನಲ್ಲಿ ನೋಡತೊಡಗಿದೆ. ಬಾಣಲೆಯ ಮಸಿಗೆ ನೀರು ಬಿದ್ದಂಥ ವಾಸನೆ ಬಂತು; ಹಿಂದಿನವರ ಶಾಯಿ ಅಂಥ ಮಸಿಯದೇ. ಕೊನೆಯ ಸಾಲಿನಲ್ಲಿ, ತೂತಿನ ಆಚೆಗೆ, ಎರಡು ಅಕ್ಷರಗಳಿದ್ದವು. ಪದ ಪೂರ್ತಿಯಾಗಿತ್ತು. ಮಸಿ ಒದ್ದೆಯಾಗಿ ಮಿರುಗುತ್ತಿತ್ತು. ನೋಡುತ್ತಿದ್ದಂತೆಯೇ ಮಿರುಗು ಆರಿ ಉಳಿದ ಅಕ್ಷರಗಳ ಬಣ್ಣಕ್ಕೆ ಬಂತು. ಪಟ್ಟಿ ಮುಟ್ಟಿ ನೋಡಿದೆ. ಧೂಳು ಕೂಡ ಕದಲಿರಲಿಲ್ಲ. ನನಗೆ ಹೆದರಿಕೆಯೇ ಆಯಿತು.

ಲಾಟೀನು ಹಿಡಿದು ಬಂದ ಟೀಚರ್, “ಎಂತ ಆಯಿತು? ಮುಖ ಯಾಕೆ ಹಾಗುಂಟು?” ಎಂದರು. ತೊದಲುತ್ತ ಹೇಳಿದೆ. ಅವರು ಬೆಚ್ಚಲಿಲ್ಲ. “ಅದೆಲ್ಲ ಇರಲಿ. ಆ ಅಕ್ಷರ ಎಡ್ವಿನನದ್ದಾ?”

ತೂತುಗಳಲ್ಲೇ ಮುಳುಗಿದ್ದ ನನಗೆ ಅದುವರೆಗೆ ಕೈಬರಹ ಹೋಲಿಸುವುದು ಹೊಳೆದೇ ಇರಲಿಲ್ಲ. ಗೋಡೆಯ ವರ್ಣಮಾಲೆಯ ಪಕ್ಕ ಗಾಜು ಹಿಡಿದು ಹೋಲಿಸಿದೆ. ಎಡ್ವಿನನದು ಅಚ್ಚಿನ ಪುಸ್ತಕ ನೋಡಿ ಕಲಿತ ದುಂಡು ಅಕ್ಷರ. ಇದು ಅವಸರದ, ಓರೆಯಾದ ಕೈ. ಮೇಲಿನ ಸಾಲುಗಳನ್ನು ಬರೆದದ್ದೂ ಅದೇ ಕೈ.

“ಅಲ್ಲ ಟೀಚರ್.”

“ಸಾಕು ಮಗ,” ಎಂದು ಅವರು ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟರು.

ವಾಪಸು ಬರುವಾಗ ಟ್ರಾಮಿನಲ್ಲೇ ಸಂಶಯ ತಲೆಯೆತ್ತಿತು. ಆ ಎರಡು ಅಕ್ಷರ ಮೊದಲೇ ಇದ್ದು ನನ್ನ ಕಣ್ಣಿಗೆ ಬೀಳಲಿಲ್ಲವೇ? ಕಿಟಕಿ ತೆರೆಯಲು ಎದ್ದಾಗ ಗಾಜನ್ನು ಕುರ್ಚಿಯ ಮೇಲಿಟ್ಟಿದ್ದೆನಲ್ಲ, ಟೀಚರ್ ಕತ್ತಲಲ್ಲಿ ಬೇರೆ ಗಾಜು ತಂದಿಟ್ಟರೇ? ಮಂಡಿನೋವಿನಿಂದ ಗೋಡೆ ಹಿಡಿದು ನಡೆಯುತ್ತಿದ್ದ ಆ ಹೆಂಗಸು? ತಮ್ಮನಿಗಾಗಿ ಅಕ್ಕ ಏನು ತಾನೇ ಮಾಡಳು! ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ಆದರೂ ಯೋಚನೆ ಬಿಡಲಿಲ್ಲ. ಮತ್ತೊಮ್ಮೆ ನೋಡುವ ದಾರಿಯೂ ಉಳಿಯಲಿಲ್ಲ: ಟೀಚರ್ ತೀರಿಕೊಂಡಾಗ, ಅವರ ಇಚ್ಛೆಯಂತೆ, ಆ ಗಾಜನ್ನು ಶವಪೆಟ್ಟಿಗೆಯೊಳಗೇ ಇಟ್ಟರಂತೆ.

ಎಷ್ಟೋ ಕಾಲದ ಮೇಲೆ ಸ್ಮಶಾನಕ್ಕೆ ಹೋಗಿದ್ದೆ. ಎಡ್ವಿನನ ಕಲ್ಲಿನ ಮೇಲೆ, ಟೀಚರ್ ತೀರಿಕೊಳ್ಳುವ ಮೊದಲು ಕೆತ್ತಿಸಿದ ಆ ಸಾಲು ಕನ್ನಡದಲ್ಲಿತ್ತು. ಅಷ್ಟು ವರ್ಷ ಬಿಸಿಲು ಮಳೆಗೆ ಖಾಲಿ ನಿಂತಿದ್ದ ಕಲ್ಲು, ನಡುವೆ ಚಕ್ಕೆ ಎದ್ದು ಗುಳಿಬಿದ್ದಿತ್ತು. ಕನ್ನಡ ಬಾರದ ಬಂಗಾಳಿ ಕಲ್ಲುಕೆಲಸದವನು ಒಂದು ಪದವನ್ನು ಅಲ್ಲೇ ಮುರಿದು, ಗುಳಿಯನ್ನು ಬಿಟ್ಟು, ಆಚೆಗೆ ಎರಡು ಅಕ್ಷರ ಕೆತ್ತಿ ಮುಗಿಸಿದ್ದ. ಗುಳಿ ತಪ್ಪಿಸಿದ್ದಕ್ಕೆ ಅವನನ್ನು ಯಾರು ಕಳ್ಳ ಎಂದಾರು? ಎಡ್ವಿನನ ಬಗೆಗಿನ ನನ್ನ ಸಂಶಯ ಆ ಕಲ್ಲಿನ ಮುಂದೆ ತೀರಿತು. ಗಾಜಿನೊಳಗೆ ಒದ್ದೆಯಾಗಿದ್ದ ಆ ಎರಡು ಅಕ್ಷರಗಳದ್ದು ತೀರಿಲ್ಲ.